ಕಾರ್ಡ್ ಪಾವತಿಯ ಮೇಲಿನ ಹೆಚ್ಚುವರಿ ಶುಲ್ಕ

ಕಾರ್ಡ್ ಪಾವತಿಯ ಮೇಲಿನ ಹೆಚ್ಚುವರಿ ಶುಲ್ಕ ಎಂದರೆ ಗ್ರಾಹಕರು ನಗದಿನ ಬದಲು ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಮೂಲಕ ಹಣ ಪಾವತಿಸಿದಾಗ ವ್ಯಾಪಾರಿಯು ಸರಕಿನ ಬೆಲೆಯ ಮೇಲೆ ಸೇರಿಸಿ ಪಡೆಯುವ ಮೊತ್ತ. ಭಾರತದಲ್ಲಿ ಡೆಬಿಟ್ ಕಾರ್ಡ್ ಪಾವತಿಯ ವೆಚ್ಚವನ್ನು ವ್ಯಾಪಾರಿಯು ಗ್ರಾಹಕರ ಮೇಲೆ ಹಾಕುವಂತಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಈ ನಿಯಮವು ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದ ಅಂಗಡಿಗಳಿಗೂ ಬೆಂಗಳೂರಿನ ಮಳಿಗೆಗಳಂತೆಯೇ ಅನ್ವಯಿಸುತ್ತದೆ.

ಶುಲ್ಕದ ಮೂಲ

ಕಾರ್ಡ್ ಪಾವತಿಯ ಪ್ರತಿ ವಹಿವಾಟಿನಲ್ಲಿ ಸ್ವೈಪ್ ಯಂತ್ರ ಒದಗಿಸಿದ ಬ್ಯಾಂಕು ಮಾರಾಟದ ಮೊತ್ತದಿಂದ ಸಣ್ಣ ಪಾಲನ್ನು ಕಡಿತಗೊಳಿಸಿ, ಉಳಿದುದನ್ನು ವ್ಯಾಪಾರಿಯ ಖಾತೆಗೆ ಜಮಾ ಮಾಡುತ್ತದೆ. ಈ ಕಡಿತಕ್ಕೆ ವ್ಯಾಪಾರಿ ರಿಯಾಯಿತಿ ದರ ಅಥವಾ ಎಂಡಿಆರ್ ಎಂದು ಹೆಸರು. ಇದು ಯಂತ್ರ ನೀಡಿದ ಬ್ಯಾಂಕು, ಕಾರ್ಡ್ ನೀಡಿದ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳ ನಡುವೆ ಹಂಚಿಕೆಯಾಗುತ್ತದೆ. ಇದು ವ್ಯಾಪಾರದ ವೆಚ್ಚ. ಇದನ್ನೇ ಗ್ರಾಹಕರ ಬಿಲ್ಲಿಗೆ ಸೇರಿಸಿದಾಗ ಹೆಚ್ಚುವರಿ ಶುಲ್ಕವಾಗುತ್ತದೆ.

ಡೆಬಿಟ್ ಕಾರ್ಡ್ ನಿಯಮಗಳು

2012ರ ಸೆಪ್ಟೆಂಬರ್‌ನಿಂದ ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ಮಿತಿ ಜಾರಿಗೆ ಬಂದಿತು: ₹2,000ವರೆಗೆ ಶೇ. 0.75, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಶೇ. 1. 2018ರ ಜನವರಿ 1ರಿಂದ ವ್ಯಾಪಾರಿಯ ವಾರ್ಷಿಕ ವಹಿವಾಟನ್ನು ಆಧರಿಸಿದ ಮಿತಿಗಳು ಬಂದವು. ₹20 ಲಕ್ಷದವರೆಗೆ ವಹಿವಾಟಿರುವವರಿಗೆ ಸ್ವೈಪ್ ಯಂತ್ರದಲ್ಲಿ ಗರಿಷ್ಠ ಶೇ. 0.40, ಉಳಿದವರಿಗೆ ಶೇ. 0.90. ವ್ಯಾಪಾರಿಗಳು ಈ ವೆಚ್ಚವನ್ನು ಗ್ರಾಹಕರಿಗೆ ವರ್ಗಾಯಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಲಾಗಿದೆ.

2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಹಾಗೂ ಯುಪಿಐ ಪಾವತಿಗೆ ಎಂಡಿಆರ್ ಶೂನ್ಯವಾಯಿತು. 2014ರಲ್ಲಿ ಆರಂಭವಾದ ಜನ್ ಧನ್ ಯೋಜನೆಯ ಖಾತೆದಾರರಿಗೆ ರುಪೇ ಕಾರ್ಡ್‌ಗಳನ್ನೇ ನೀಡಲಾಗಿರುವುದರಿಂದ ಗ್ರಾಮೀಣ ಪ್ರದೇಶಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ.

ಉದಾಹರಣೆಗೆ, ಅರಕಲಗೂಡಿನ ಸಣ್ಣ ಅಂಗಡಿಯೊಂದರಲ್ಲಿ ₹1,000 ಮೌಲ್ಯದ ಖರೀದಿಗೆ ರುಪೇ ಡೆಬಿಟ್ ಕಾರ್ಡ್ ಬಳಸಿದರೆ ಕಡಿತವಿಲ್ಲ. ಬೇರೆ ಜಾಲದ ಡೆಬಿಟ್ ಕಾರ್ಡಾದರೆ ಮಿತಿಯಂತೆ ಗರಿಷ್ಠ ₹4. ಅಲ್ಲಿ 'ಕಾರ್ಡಿಗೆ ಶೇ. 2 ಹೆಚ್ಚು' ಎಂದು ₹20 ಪಡೆದರೆ, ಅದು ನಿಯಮಬಾಹಿರ ಮಾತ್ರವಲ್ಲ, ವ್ಯಾಪಾರಿಯ ನಿಜವಾದ ವೆಚ್ಚಕ್ಕಿಂತ ಹಲವು ಪಟ್ಟು ಅಧಿಕ.

ಕ್ರೆಡಿಟ್ ಕಾರ್ಡ್

ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಇಂತಹ ಮಿತಿ ವಿಧಿಸಿಲ್ಲ. ದರವು ಸಾಮಾನ್ಯವಾಗಿ ಡೆಬಿಟ್ ಕಾರ್ಡಿಗಿಂತ ಹೆಚ್ಚು. ಲಾಭಾಂಶ ಕಡಿಮೆಯಿರುವ ವ್ಯಾಪಾರಗಳಲ್ಲಿ ಇದು ಹೊರೆಯಾಗುತ್ತದೆ. 2017ರ ಜನವರಿಯಲ್ಲಿ ಶೇ. 1ರ ಕಡಿತವನ್ನು ವಿರೋಧಿಸಿ ಪೆಟ್ರೋಲ್ ಬಂಕ್ ಮಾಲೀಕರ ಸಂಘಟನೆಗಳು ಕಾರ್ಡ್ ಸ್ವೀಕರಿಸುವುದಿಲ್ಲವೆಂದು ಘೋಷಿಸಿದ್ದವು. ಕೇಂದ್ರ ಸರ್ಕಾರದ ಭರವಸೆಯ ಬಳಿಕ ನಿರ್ಧಾರ ಕೈಬಿಡಲಾಯಿತು. ಇಂಧನ ಖರೀದಿಯ ಮೇಲೆ ಕ್ರೆಡಿಟ್ ಕಾರ್ಡಿಗೆ ಬೀಳುವ ಹೆಚ್ಚುವರಿ ಶುಲ್ಕವನ್ನು ಹಲವು ಬ್ಯಾಂಕುಗಳು ನಿರ್ದಿಷ್ಟ ಮೊತ್ತದೊಳಗೆ ಮನ್ನಾ ಮಾಡುತ್ತವೆ.

ಅನುಕೂಲ ಶುಲ್ಕ

ಆನ್‌ಲೈನ್ ಸೇವೆಗಳು ವಿಧಿಸುವ ಅನುಕೂಲ ಶುಲ್ಕವು ಎಂಡಿಆರ್‌ಗಿಂತ ಭಿನ್ನ. ಅದು ಸೇವೆ ಒದಗಿಸುವವರು ನಿಗದಿಪಡಿಸುವ ದರ. 2019ರ ಸೆಪ್ಟೆಂಬರ್ 1ರಂದು ಐಆರ್‌ಸಿಟಿಸಿ ಮರುಜಾರಿಗೊಳಿಸಿದ ಶುಲ್ಕವು ಹವಾನಿಯಂತ್ರಿತವಲ್ಲದ ದರ್ಜೆಗೆ ₹15, ಹವಾನಿಯಂತ್ರಿತ ದರ್ಜೆಗೆ ₹30 ಆಗಿತ್ತು. ಯುಪಿಐ ಮೂಲಕ ಪಾವತಿಸಿದರೆ ಕ್ರಮವಾಗಿ ₹10 ಮತ್ತು ₹20. ತೆರಿಗೆ ಪ್ರತ್ಯೇಕ.

ಇತರ ದೇಶಗಳಲ್ಲಿ

ಬ್ರಿಟನ್ 2018ರ ಜನವರಿ 13ರಿಂದ ಗ್ರಾಹಕರ ಕಾರ್ಡ್‌ಗಳ ಮೇಲಿನ ಹೆಚ್ಚುವರಿ ಶುಲ್ಕವನ್ನು ನಿಷೇಧಿಸಿತು. ಆಸ್ಟ್ರೇಲಿಯಾ 2003ರಲ್ಲಿ ಅವಕಾಶ ನೀಡಿ, 2016ರಲ್ಲಿ ವಾಸ್ತವ ವೆಚ್ಚಕ್ಕಿಂತ ಹೆಚ್ಚು ಪಡೆಯುವುದನ್ನು ತಡೆಯಿತು.

ದೂರು ಮತ್ತು ಪರಿಹಾರ

ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿದ ಬಿಲ್ಲು ಹಾಗೂ ಯಂತ್ರದ ಚೀಟಿ ಮುಖ್ಯ ಪುರಾವೆಗಳು. ಚೀಟಿಯಲ್ಲಿ ಯಂತ್ರ ನೀಡಿದ ಬ್ಯಾಂಕಿನ ಹೆಸರು ಸಾಮಾನ್ಯವಾಗಿ ಇರುತ್ತದೆ; ಮೊದಲು ಆ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಗೆ ಮೊರೆಹೋಗಬಹುದು. ಮಾಹಿತಿಗೆ ದೂರವಾಣಿ ಸಂಖ್ಯೆ 14448. ವ್ಯಾಪಾರಿಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಹಾಸನ ಜಿಲ್ಲೆಯ ನಿವಾಸಿಗಳಿಗೆ ಹಾಸನದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೂ ಲಭ್ಯವಿದೆ.