ಕುಡಿಯುವ ನೀರಿಗೆ ಎಳೆದ ಗೆರೆ



ನಮ್ಮ ಹಿರಿಯರು ನೀರನ್ನು ಕಣ್ಣು, ಮೂಗು, ನಾಲಗೆಗಳಿಂದ ಪರೀಕ್ಷಿಸುತ್ತಿದ್ದರು. ಬಗ್ಗಡವಾಗಿದ್ದರೆ ಚಿಲ್ಲದ ಬೀಜವನ್ನು ತೇಯ್ದು ತಿಳಿಯಾಗಿಸುತ್ತಿದ್ದರು. ಬಟ್ಟೆಯಲ್ಲಿ ಸೋಸಿ ತಾಮ್ರದ ಕೊಡದಲ್ಲಿ ತುಂಬಿಡುತ್ತಿದ್ದರು. ಊರಿನ ಬಾವಿಗಳಲ್ಲಿ ಸಿಹಿನೀರಿನದು ಯಾವುದು, ಸವುಳು ನೀರಿನದು ಯಾವುದು, ಬೇಳೆ ಬೇಯದ ಗಡಸು ನೀರಿನದು ಯಾವುದು ಎಂಬುದು ಮನೆಯ ಹೆಂಗಸರಿಗೆಲ್ಲ ತಿಳಿದಿತ್ತು. ಈ ಪರೀಕ್ಷೆ ಬಹುಮಟ್ಟಿಗೆ ಸಾಧುವಾದುದೇ. ಆದರೆ ಸ್ಫಟಿಕದಂತೆ ತಿಳಿಯಾಗಿ, ನಾಲಗೆಗೆ ಸಿಹಿಯಾಗಿ ಇರುವ ನೀರೂ ಪ್ರಾಣವನ್ನು ತೆಗೆಯಬಲ್ಲುದು. ಆದುದರಿಂದಲೇ ಇಂದು ನೀರಿನ ಯೋಗ್ಯತೆಯನ್ನು ಅಂಕೆಗಳು ನಿರ್ಣಯಿಸುತ್ತವೆ. ಇಂಥ ವಸ್ತುವು ಒಂದು ಲೀಟರು ನೀರಿನಲ್ಲಿ ಇಷ್ಟು ಮಿಲಿಗ್ರಾಮನ್ನು ಮೀರಬಾರದು ಎಂದು ಗೆರೆಯನ್ನು ಎಳೆದಿರುತ್ತಾರೆ. ಈ ಗೆರೆಯನ್ನು ಎಳೆದವರು ಯಾರು, ಯಾವ ಆಧಾರದ ಮೇಲೆ ಎಳೆದರು ಎಂಬ ವೃತ್ತಾಂತವನ್ನು ಈ ದಿನ ತಮ್ಮ ಮುಂದಿಡಬೇಕೆಂದಿದ್ದೇನೆ.

ಕೊಳೆತ ನೀರಿಗೂ ಕಾಲರಾ ರೋಗಕ್ಕೂ ನಂಟಿದೆಯೆಂದು ಲಂಡನ್ನಿನ ವೈದ್ಯರಾದ ಜಾನ್ ಸ್ನೋ ಅವರು 1854ರಲ್ಲಿಯೇ ಬ್ರಾಡ್ ಬೀದಿಯ ಪಂಪಿನ ದೃಷ್ಟಾಂತದಿಂದ ತೋರಿಸಿದ್ದರು. ಆದರೆ ನೀರಿನಲ್ಲಿರುವ ಹಾನಿಯನ್ನು ಎಣಿಸುವ ಉಪಾಯ ಅವರಿಗಿರಲಿಲ್ಲ. ಆ ಉಪಾಯವನ್ನು ಒದಗಿಸಿದವರು ಜರ್ಮನಿಯ ರಾಬರ್ಟ್ ಕಾಖ್ ಅವರು. ಕಾಲರಾ ಕ್ರಿಮಿಯನ್ನು ಅರಸುತ್ತ 1884ರಲ್ಲಿ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಅದನ್ನು ಕಂಡವರೂ ಅವರೇ. ಒಂದು ಘನ ಸೆಂಟಿಮೀಟರು ನೀರನ್ನು ಜೆಲಟಿನ್ ಎಂಬ ಅಂಟಿನೊಡನೆ ಬೆರಸಿ ಗಾಜಿನ ತಟ್ಟೆಯ ಮೇಲೆ ಹರಡಿ ಕೆಲವು ದಿನ ಬಿಟ್ಟರೆ, ಕಣ್ಣಿಗೆ ಕಾಣದ ಒಂದೊಂದು ಕ್ರಿಮಿಯೂ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸಿದರೆ ಕ್ರಿಮಿಗಳನ್ನು ಎಣಿಸಿದಂತಾಯಿತು.

ಈ ಎಣಿಕೆಯ ಬೆಲೆ 1892ರಲ್ಲಿ ಎಲ್ಬ್ ನದಿಯ ದಡದಲ್ಲಿ ಗೊತ್ತಾಯಿತು. ಹ್ಯಾಂಬರ್ಗ್ ಮತ್ತು ಆಲ್ಟೋನ ಎಂಬ ಎರಡು ನಗರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವು ಕಡೆ ಬೀದಿಯ ಒಂದು ಬದಿ ಒಂದು ನಗರಕ್ಕೂ ಇನ್ನೊಂದು ಬದಿ ಮತ್ತೊಂದು ನಗರಕ್ಕೂ ಸೇರಿತ್ತು. ಹ್ಯಾಂಬರ್ಗ್ ನಗರವು ಊರಿನ ಮೇಲ್ಗಡೆ ನದಿಯ ನೀರನ್ನೆತ್ತಿ, ಸೋಸದೆಯೇ ಕೊಳಾಯಿಗಳಿಗೆ ಬಿಡುತ್ತಿತ್ತು. ಆಲ್ಟೋನಕ್ಕೆ ದೊರೆಯುತ್ತಿದ್ದುದು ಹ್ಯಾಂಬರ್ಗಿನ ಚರಂಡಿಯೆಲ್ಲ ಕೂಡಿದ ಕೆಳಗಣ ನೀರು. ಅದನ್ನು ಮರಳಿನ ಹಾಸುಗಳಲ್ಲಿ ನಿಧಾನವಾಗಿ ಸೋಸಿ ಕೊಡುತ್ತಿದ್ದರು. ಆ ವರ್ಷ ಕಾಲರಾ ಬಂದಿತು. ಹ್ಯಾಂಬರ್ಗಿನಲ್ಲಿ ಸುಮಾರು 8,600 ಮಂದಿ ಸತ್ತರು. ಹೆಚ್ಚು ಹೊಲಸಾದ ನದಿನೀರನ್ನೇ ನಂಬಿದ್ದ ಆಲ್ಟೋನದಲ್ಲಿ ರೋಗವು ಬಲು ಸ್ವಲ್ಪವಾಗಿತ್ತು. ಹ್ಯಾಂಬರ್ಗಿನ ಎಲ್ಲೆಯೊಳಗೇ ಇದ್ದರೂ ಆಲ್ಟೋನದ ನೀರನ್ನು ಕುಡಿಯುತ್ತಿದ್ದ ಒಂದು ವಠಾರದವರು ಉಳಿದುಕೊಂಡರು. ಗಾಳಿ ಒಂದೇ, ನೆಲ ಒಂದೇ; ಭೇದವೆಲ್ಲ ಮರಳಿನ ಹಾಸಿನಲ್ಲಿತ್ತು.

ಈ ಅನುಭವದಿಂದ ಕಾಖ್ ಅವರು ಒಂದು ನಿಯಮವನ್ನು ಮುಂದಿಟ್ಟರು: ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ ಕ್ರಿಮಿಗಳು 100ನ್ನು ಮೀರಕೂಡದು. ಈ ಪಾಠವನ್ನು ಹೇಳುತ್ತಿದ್ದಾಗ ನನ್ನ ವಿದ್ಯಾರ್ಥಿಯೊಬ್ಬನು, “ಸಾರ್, ಹಾಗಾದರೆ 99 ಇದ್ದರೆ ಅಮೃತ, 101 ಇದ್ದರೆ ವಿಷವೇ?” ಎಂದು ಕೇಳಿದನು. ತರಗತಿಯವರೆಲ್ಲ ನಕ್ಕರು; ಆದರೆ ಆ ಪ್ರಶ್ನೆಯಲ್ಲಿ ಈ ಇತಿಹಾಸದ ತಿರುಳೇ ಅಡಗಿದೆ. ನೂರು ಎಂಬುದು ಮನುಷ್ಯನ ಹೊಟ್ಟೆ ಎಷ್ಟನ್ನು ತಾಳೀತೆಂದು ನೋಡಿ ಹೇಳಿದ ಅಂಕೆಯಲ್ಲ. ಸರಿಯಾಗಿ ನಡೆಯುತ್ತಿರುವ ಮರಳಿನ ಹಾಸು ಎಷ್ಟರಮಟ್ಟಿಗೆ ಸೋಸಬಲ್ಲುದೆಂದು ನೋಡಿ ಹೇಳಿದ ಅಂಕೆ. ಎಣಿಕೆ ನೂರನ್ನು ಮೀರಿದರೆ ಹಾಸು ಎಲ್ಲಿಯೋ ಕೆಟ್ಟಿದೆಯೆಂದು ತಿಳಿಯಬೇಕು. ಗೆರೆಯು ಹುಟ್ಟಿದ್ದೇ ಹೀಗೆ, ಮನುಷ್ಯನ ಕೈಲಾಗುವುದರ ಅಳತೆಯಾಗಿ.

ಅಮೆರಿಕದ ಸಂಯುಕ್ತ ಸಂಸ್ಥಾನಗಳು 1914ರಲ್ಲಿ ತಮ್ಮ ಮೊದಲನೆಯ ರಾಷ್ಟ್ರೀಯ ನಿಯಮವನ್ನು ಗೊತ್ತುಮಾಡಿದಾಗಲೂ ಈ ನೂರರ ಅಂಕೆ ಉಳಿದುಕೊಂಡಿತು. ಅದರ ಜೊತೆಗೆ, ಕರುಳಿನಲ್ಲಿ ವಾಸಿಸುವ ಕೋಲೈ ಎಂಬ ಕ್ರಿಮಿಯನ್ನೂ ಹುಡುಕಬೇಕೆಂದು ವಿಧಿಸಿದರು. ಅದು ನೀರಿನಲ್ಲಿ ಸಿಕ್ಕಿತೆಂದರೆ ಎಲ್ಲಿಯೋ ಮಲವು ಬೆರೆತಿದೆಯೆಂದು ಅರ್ಥ. ಒಂದು ವಿಚಿತ್ರವನ್ನು ಗಮನಿಸಬೇಕು. ಆ ನಿಯಮವು ಮನೆಗಳ ನೀರಿಗೆ ಅನ್ವಯಿಸುತ್ತಿರಲಿಲ್ಲ. ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುವ ರೈಲು, ಹಡಗುಗಳ ಪ್ರಯಾಣಿಕರು ಕುಡಿಯುವ ನೀರಿಗೆ ಮಾತ್ರ ಅನ್ವಯಿಸುತ್ತಿತ್ತು. ಕೇಂದ್ರ ಸರ್ಕಾರದ ಅಧಿಕಾರವು ಅಷ್ಟರವರೆಗೇ ಇದ್ದುದೇ ಇದಕ್ಕೆ ಕಾರಣ. ಗೆರೆಯು ವಿಜ್ಞಾನಕ್ಕೆ ಮಾತ್ರವಲ್ಲದೆ ಕಾನೂನಿಗೂ ಅಧೀನವೆಂದಾಯಿತು.

ಕ್ರಿಮಿಯು ಕೊಂದರೆ ನಾಲ್ಕಾರು ದಿನಗಳಲ್ಲಿ ಕೊಲ್ಲುತ್ತದೆ, ಊರಿಗೆಲ್ಲ ತಿಳಿಯುತ್ತದೆ. ಕಲ್ಲಿನಿಂದ ನೀರಿಗಿಳಿಯುವ ವಿಷಗಳ ರೀತಿ ಬೇರೆ. ನಾವು ಪಾಷಾಣವೆಂದು ಬಲ್ಲ ಆರ್ಸೆನಿಕ್ಕಿಗೆ 1942ರಲ್ಲಿ ಅಮೆರಿಕದವರು ಲೀಟರಿಗೆ 0.05 ಮಿಲಿಗ್ರಾಮಿನ ಗೆರೆಯನ್ನು ಹಾಕಿದರು. ಅಲ್ಪ ಪ್ರಮಾಣದ ಆರ್ಸೆನಿಕ್ಕನ್ನು ವರ್ಷಗಟ್ಟಲೆ ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಅರ್ಬುದರೋಗ ಹುಟ್ಟುತ್ತದೆಂದು ತೈವಾನ್ ಮೊದಲಾದ ಕಡೆಗಳಿಂದ ಕ್ರಮೇಣ ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಗೆರೆಯನ್ನು 0.01ಕ್ಕೆ ಇಳಿಸಿತು. ಅದನ್ನೂ ತಾತ್ಕಾಲಿಕವೆಂದೇ ಕರೆಯಿತು. ಅದಕ್ಕಿಂತ ಕಡಿಮೆ ಪ್ರಮಾಣವನ್ನು ಅಳೆಯುವುದೂ ತೆಗೆಯುವುದೂ ಕಷ್ಟವಾಗಿತ್ತು. ಅಮೆರಿಕದಲ್ಲಿ ಈ ಹೊಸ ಅಂಕೆ ಜಾರಿಗೆ ಬಂದುದು 2006ರಲ್ಲಿ. ನೀರು ಬದಲಾಗಲಿಲ್ಲ, ನಿನ್ನೆ ಗೆರೆಯ ಒಳಗಿದ್ದ ನೀರು ಇಂದು ಹೊರಗಾಯಿತು.

ಈ ವಿಳಂಬದ ಫಲವನ್ನು ಹೆಚ್ಚಾಗಿ ಉಂಡವರು ಬಂಗಾಳದ ಹಳ್ಳಿಗರು. ಕೊಳದ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತಿದ್ದುದನ್ನು ತಪ್ಪಿಸಲೆಂದು 1970ರ ದಶಕದಿಂದೀಚೆಗೆ ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಿದರು. ಉದ್ದೇಶ ಪುಣ್ಯಕರವಾದುದು, ನೀರು ಕ್ರಿಮಿಗಳಿಂದ ಮುಕ್ತವಾಗಿತ್ತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಉಂಟೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. 1993ರಲ್ಲಿ ಅದು ಗೊತ್ತಾಗುವ ವೇಳೆಗೆ ಒಂದು ತಲೆಮಾರು ಆ ನೀರನ್ನು ಕುಡಿದಾಗಿತ್ತು. ಅಳೆಯದ ವಿಷಕ್ಕೆ ಎಷ್ಟು ಕಟ್ಟುನಿಟ್ಟಾದ ಗೆರೆಯಿದ್ದರೂ ಪ್ರಯೋಜನವಿಲ್ಲ.

ಈಗ ನಮ್ಮ ನೆರೆಗೆ ಬರೋಣ. 1937ರಲ್ಲಿ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಾಗಿ ಕೀಲುಗಳು ಸೆಟೆದುಹೋದ ಜನರನ್ನು ಪರೀಕ್ಷಿಸಿ, ಬಾವಿಯ ನೀರಿನಲ್ಲಿರುವ ಫ್ಲೋರೈಡೇ ಇದಕ್ಕೆ ಮೂಲವೆಂದು ವರದಿ ಮಾಡಿದರು. ಅದೇ ಫ್ಲೋರೈಡು ಲೀಟರಿಗೆ ಒಂದು ಮಿಲಿಗ್ರಾಮಿನಷ್ಟಿದ್ದರೆ ಹಲ್ಲು ಹುಳುಕಾಗುವುದು ಕಡಿಮೆಯೆಂದು ಅಮೆರಿಕದಲ್ಲಿ ಕಂಡುಕೊಂಡು, 1945ರಿಂದ ಅದನ್ನು ನಗರಗಳ ನೀರಿಗೆ ಬೆರಸತೊಡಗಿದರು. ಒಂದು ಕಡೆ ಔಷಧ, ಇನ್ನೊಂದು ಕಡೆ ವಿಷ. ನಡುವೆ ಇರುವುದು ಬಲು ಕಿರಿದಾದ ಅಂತರ. 1962ರ ಅಮೆರಿಕದ ನಿಯಮವು ಫ್ಲೋರೈಡಿನ ಮಿತಿಯನ್ನು ಊರಿನ ಹವೆಯ ಉಷ್ಣಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಇಟ್ಟಿತು. ಸೆಕೆಯ ಊರಿನವನು ಹೆಚ್ಚು ನೀರು ಕುಡಿಯುತ್ತಾನೆ. ಆದುದರಿಂದ ಅವನ ನೀರಿನಲ್ಲಿ ಫ್ಲೋರೈಡು ಕಡಿಮೆಯಿರಬೇಕು. ಇದು ನ್ಯಾಯವಾದ ಮಾತು. ಗೆರೆಯನ್ನು ಎಳೆಯುವಾಗ ಲೋಟದ ನೀರನ್ನು ಮಾತ್ರವಲ್ಲದೆ, ಲೋಟವನ್ನು ಹಿಡಿದ ಮನುಷ್ಯನನ್ನೂ ನೋಡಬೇಕು.

ನಮ್ಮ ದೇಶದ ಪ್ರಮಾಣವು ಫ್ಲೋರೈಡಿಗೆ ಎರಡು ಅಂಕೆಗಳನ್ನು ಹೇಳುತ್ತದೆ: ಸ್ವೀಕಾರಾರ್ಹವಾದದ್ದು 1.0 ಮಿಲಿಗ್ರಾಂ, ಬೇರೆ ನೀರಿನ ಆಸರೆಯಿಲ್ಲದಿದ್ದಲ್ಲಿ 1.5ರವರೆಗೆ ಸಲ್ಲುತ್ತದೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಆಳದ ಕೊಳವೆಬಾವಿಗಳ ನೀರು ಎಷ್ಟೋ ವೇಳೆ ಈ ಎರಡನೆಯ ಅಂಕೆಯನ್ನೂ ದಾಟಿದೆ. ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವನು ಪಟ್ಟಣದ ಕಚೇರಿಯಲ್ಲಿ ಕುಳಿತವನಿಗಿಂತ ಬಹಳ ಹೆಚ್ಚು ನೀರನ್ನು ಕುಡಿಯುತ್ತಾನೆ. ಬೇರೆ ನೀರಿಲ್ಲವೆಂಬ ಸಂಗತಿ ಸರ್ಕಾರದ ಕಡತಕ್ಕೆ ಗೊತ್ತು. ಅವನ ಮೂಳೆಗೆ ಗೊತ್ತಿಲ್ಲ.

ಇದರಿಂದ ಅಂಕೆಗಳೆಲ್ಲ ಬರಿಯ ಕಲ್ಪನೆಯೆಂದು ಯಾರೂ ಭಾವಿಸಬಾರದು. ನೂರು ಎಂಬ ಆ ಹಳೆಯ ಅಂಕೆಯು ಯೂರೋಪಿನ ಎಷ್ಟೋ ನಗರಗಳನ್ನು ಕಾಪಾಡಿತು. ಗೆರೆಯು ಬೇಕೇ ಬೇಕು. ಆದರೆ ಅದು ಒಂದು ಕಾಲದ ತಿಳಿವಳಿಕೆ, ಒಂದು ಕಾಲದ ಉಪಕರಣ, ಒಂದು ಕಾಲದ ಬೊಕ್ಕಸ ಈ ಮೂರೂ ಕೂಡಿ ಮಾಡಿಕೊಂಡ ಒಪ್ಪಂದವೆಂಬುದನ್ನು ಮರೆಯಬಾರದು. ನಮ್ಮ ನೀರು ಮಿತಿಯೊಳಗಿದೆಯೆಂದು ಅಧಿಕಾರಿಗಳು ಹೇಳಿದಾಗ ವಿದ್ಯಾವಂತರಾದ ನಾವು ವಿನಯದಿಂದಲೇ ಮೂರು ಮಾತುಗಳನ್ನು ಕೇಳಬೇಕು. ಆ ಮಿತಿಯನ್ನು ಯಾವಾಗ ಗೊತ್ತುಮಾಡಿದರು? ಎಷ್ಟು ನೀರು ಕುಡಿಯುವವನನ್ನು ಮನಸ್ಸಿನಲ್ಲಿಟ್ಟು ಗೊತ್ತುಮಾಡಿದರು? ನೀರನ್ನು ಪರೀಕ್ಷಿಸಿದ್ದು ಶುದ್ಧೀಕರಣದ ತೊಟ್ಟಿಯ ಹತ್ತಿರವೋ, ನಮ್ಮ ಮನೆಯ ನಲ್ಲಿಯ ಹತ್ತಿರವೋ? ಈ ಪ್ರಶ್ನೆಗಳನ್ನು ನಮಗಾಗಿ ಕೇಳಿದರೆ ಸಾಲದು. ಕೇಳುವ ಬಾಯಿಲ್ಲದ ಹಳ್ಳಿಯವರಿಗಾಗಿಯೂ ಕೇಳಬೇಕು. ಹ್ಯಾಂಬರ್ಗ್ ನಗರವು ತನ್ನ ಮರಳಿನ ಹಾಸುಗಳನ್ನು 1893ರಲ್ಲಿ ಬಳಕೆಗೆ ತಂದಿತು. ಅದು ಒಂದೇ ಒಂದು ವರ್ಷ ತಡವಾಗಿತ್ತು.