ಗಣಕದ ಪರಕಾಯಪ್ರವೇಶ

ಪರಕಾಯಪ್ರವೇಶದ ಕಥೆಗಳನ್ನು ತಾವು ಬಲ್ಲಿರಷ್ಟೆ. ಯೋಗಿಯು ಒಂದು ಶರೀರವನ್ನು ಬಿಟ್ಟು ಮತ್ತೊಂದನ್ನು ಹೊಗುವನು. ಅವನ ನೆನಪೂ ವಿದ್ಯೆಯೂ ಜೊತೆಯಲ್ಲೇ ಹೋಗುವುವು. ನಮ್ಮ ಮನೆಯ ಕಂಪ್ಯೂಟರಿಗೆ ಈ ಸಿದ್ಧಿ ಉಂಟೆ? ಮದರ್‌ಬೋರ್ಡು ಕೆಟ್ಟಿತೆಂದು ಅಂಗಡಿಗೆ ಒಯ್ದರೆ, "ಬೋರ್ಡು ಬದಲಾಯಿಸಿದ ಮೇಲೆ ವಿಂಡೋಸನ್ನೂ ಮೊದಲಿನಿಂದ ಹಾಕಬೇಕು ಸಾರ್" ಎನ್ನುವರು. ಮಕ್ಕಳ ಚಿತ್ರಗಳು, ಹತ್ತು ವರ್ಷದ ಲೆಕ್ಕಪತ್ರಗಳು ಕಣ್ಣ ಮುಂದೆ ಬಂದು ಎದೆ ಹಾರುವುದು ಸಹಜ.

1960ರ ಸುಮಾರಿನಲ್ಲಿ ಹೊಸ ಜಾತಿಯ ಯಂತ್ರ ಕೊಂಡವರು ಹಳೆಯ ಪ್ರೋಗ್ರಾಮುಗಳನ್ನು ಬಹುಮಟ್ಟಿಗೆ ಮತ್ತೆ ಬರೆಯಿಸಬೇಕಾಗುತ್ತಿತ್ತು. 1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆ ಸಿಸ್ಟಂ/360 ಎಂಬ ಯಂತ್ರಕುಟುಂಬವನ್ನು ಪ್ರಕಟಿಸಿತು. ಚಿಕ್ಕದರಿಂದ ದೊಡ್ಡದರವರೆಗೆ ಒಂದೇ ಆಜ್ಞಾಭಾಷೆ. ಯಂತ್ರ ಬೆಳೆದರೂ ಬರೆದುದು ವ್ಯರ್ಥವಾಗದು. ಶರೀರ ಬೇರೆ, ವಿದ್ಯೆ ಬೇರೆ ಎಂಬ ವಿವೇಕ ಗಣಕಲೋಕದಲ್ಲಿ ಬೇರೂರಿದ್ದು ಹೀಗೆ.

ಆದರೆ ಮನೆಯ ಗಣಕದಲ್ಲಿ ಬೇರೊಂದು ತೊಡಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತಾನು ಮೊದಲು ಕಂಡ ಬೋರ್ಡಿಗೆ ಹೊಂದಿಕೊಂಡು ನೆಲಸುತ್ತಿತ್ತು. ಹೊಸ ಬೋರ್ಡಿನ ಡಿಸ್ಕ್ ನಿಯಂತ್ರಕ ಬೇರೆಯಾಗಿದ್ದು, ಅದಕ್ಕೆ ತಕ್ಕ ಡ್ರೈವರು ಮೊದಲೇ ಸಿದ್ಧವಾಗಿಲ್ಲದಿದ್ದರೆ, ತನ್ನ ಡಿಸ್ಕನ್ನೇ ಓದಲಾರದೆ ನೀಲಿ ಪರದೆ ತೋರಿ ನಿಂತುಬಿಡುವುದು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತೆ! ಅಂಗಡಿಯವರ ಮಾತು ಆ ಕಾಲದ ಅನುಭವದಿಂದ ಹುಟ್ಟಿದ್ದು. 1991ರಲ್ಲಿ ಹುಟ್ಟಿದ ಲಿನಕ್ಸ್‌ನ ಇಂದಿನ ರೂಪಗಳಾದರೋ, ಪ್ರತಿಸಲ ಎದ್ದಾಗಲೂ ತನ್ನ ಸುತ್ತ ಏನಿದೆಯೆಂದು ಹೊಸದಾಗಿ ನೋಡಿಕೊಳ್ಳುವುವು. 2012ರ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನಲ್ಲಿಯೂ ಈ ತೊಡಕು ಬಹಳ ಕಡಮೆಯಾಗಿದೆ.

ಉಳಿದದ್ದು ಗುರುತಿನ ಪ್ರಶ್ನೆ. ಎಕ್ಸ್‌ಪಿಯ ಕಾಲದಿಂದಲೂ ವಿಂಡೋಸಿನ ಪರವಾನಗಿ ಯಂತ್ರದ ಭಾಗಗಳನ್ನು ನೋಡಿ ಗುರುತು ಹಿಡಿಯುತ್ತದೆ. 2016ರಿಂದ ವಿಂಡೋಸ್ 10ರ ಪರವಾನಗಿಯನ್ನು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬಹುದಾಯಿತು. ಆದರೂ ಕಂಪ್ಯೂಟರಿನೊಡನೆಯೇ ಬಂದ ಪರವಾನಗಿ ಹೊಸ ಬೋರ್ಡಿಗೆ ಸಲ್ಲದೆ ಹೋಗಬಹುದು.

ಆದಕಾರಣ ಬೋರ್ಡು ಬದಲಾಯಿಸುವ ಮುನ್ನ ಮೂರು ಕೆಲಸ ಮಾಡಿರಿ. ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಡಿರಿ. ಪರವಾನಗಿಯನ್ನು ಖಾತೆಗೆ ಜೋಡಿಸಿರಿ. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕೆಗಳ ಮರುಪಡೆವ ಕೀಲಿಯನ್ನು ಕಾಗದದಲ್ಲಿ ಬರೆದಿಡಿರಿ. ಆ ಬೀಗದ ಗುಟ್ಟು ಸಾಮಾನ್ಯವಾಗಿ ಹಳೆಯ ಬೋರ್ಡಿನೊಡನೆಯೇ ಹೋಗುತ್ತದೆ. ಪರಕಾಯವನ್ನು ಹೊಗುವ ಯೋಗಿಯೂ ಮಂತ್ರವನ್ನು ಮರೆಯಬಾರದಷ್ಟೆ!