ಊರಿನ ಹೆಸರೇ ಒಂದು ಜಾಹೀರಾತು

ಹೊಸ ಊರಿಗೆ ಜನ ಸಾಮಾನ್ಯವಾಗಿ ದೇವರ ಹೆಸರೋ, ದೊರೆಯ ಹೆಸರೋ, ಪಕ್ಕದಲ್ಲಿ ಹರಿಯೋ ಹೊಳೆಯ ಹೆಸರೋ ಇಡ್ತಾರೆ. 1857ರಲ್ಲಿ ಅಮೆರಿಕದ ಕನ್ಸಾಸ್ ಬಯಲಿನಲ್ಲಿ ಐದು ಜನ ಸೇರಿ ಒಂದು ಊರು ಕಟ್ಟಲು ಹೊರಟರು. ಅವರು ಇಟ್ಟ ಹೆಸರು ಎಂಪೋರಿಯಾ. ಅಂದ್ರೆ ವ್ಯಾಪಾರದ ಕೇಂದ್ರ, ದೊಡ್ಡ ಪೇಟೆ. ತಮಾಷೆ ಏನು ಗೊತ್ತಾ? ಹೆಸರಿಟ್ಟಾಗ ಅಲ್ಲಿ ಪೇಟೆಯೇ ಇರಲಿಲ್ಲ. ಎರಡು ನದಿಗಳ ನಡುವೆ ಬರೀ ಹುಲ್ಲುಗಾವಲು.

ಅದೇ ವರ್ಷದ ಜೂನ್‌ನಲ್ಲಿ ಊರಿಗೆ ಪತ್ರಿಕೆಯೂ ಬಂತು. ಸಂಪಾದಕ ಪ್ರೆಸ್ಟನ್ ಪ್ಲಂಬ್, ಊರು ಕಟ್ಟಿದ ಐವರಲ್ಲಿ ಒಬ್ಬ. ವಯಸ್ಸು 19! ಓದೋಕೆ ಜನ ಬರೋ ಮೊದಲೇ ಪತ್ರಿಕೆ ಯಾಕೆ? ಯಾಕಂದ್ರೆ ಆ ಕಾಲದ ಹೊಸ ಊರುಗಳ ಪತ್ರಿಕೆ ಊರಿನವರಿಗಿಂತ ಹೆಚ್ಚಾಗಿ ಹೊರಗಿನವರಿಗಾಗಿ ಅಚ್ಚಾಗ್ತಿತ್ತು. ಪೂರ್ವದ ರಾಜ್ಯಗಳಿಗೆ ಅಂಚೆಯಲ್ಲಿ ಹೋಗ್ತಿತ್ತು. ಅಲ್ಲಿ ಕೂತು ಓದಿದವನಿಗೆ ಏನು ಕಾಣಬೇಕು? ಇಲ್ಲಿ ವಕೀಲನಿದ್ದಾನೆ, ಡಾಕ್ಟರ್ ಇದ್ದಾನೆ, ಹೋಟೆಲ್ ಇದೆ, ದಿನಸಿ ಅಂಗಡಿ ಇದೆ, ಇದು ಬದುಕೋ ಊರು ಅಂತ ಕಾಣಬೇಕು. ಹಾಗಾಗಿ ಅಂಗಡಿಯವನ ಪುಟ್ಟ ಜಾಹೀರಾತು ಸಕ್ಕರೆ, ಬಟ್ಟೆಯ ಜೊತೆಗೆ ಊರನ್ನೂ ಮಾರ್ತಿತ್ತು.

ಆ ಜಾಹೀರಾತುಗಳನ್ನ ನೋಡಿದ್ರೆ ನಿಮಗೆ ನಗು ಬರಬಹುದು. ಒಂದು ಕಾಲಂ ಅಗಲ, ಒಂದೆರಡು ಅಂಗುಲ ಎತ್ತರ. ಅಂಗಡಿಯ ಹೆಸರು, ಸಿಗೋ ಸಾಮಾನಿನ ಪಟ್ಟಿ, ಬಂದು ನೋಡಿ ಅನ್ನೋ ಆಹ್ವಾನ. ಬೆಲೆ ಹಾಕೋದೇ ಅಪರೂಪ. ಒಮ್ಮೆ ಜೋಡಿಸಿದ ಅಚ್ಚುಮೊಳೆ ತಿಂಗಳುಗಟ್ಟಲೆ ಹಾಗೇ ಇರ್ತಿತ್ತು. ರೈತನಿಗೆ ಫಸಲು ಬಂದಾಗ ಮಾತ್ರ ದುಡ್ಡು, ಅಲ್ಲಿವರೆಗೆ ಅಂಗಡಿಯಲ್ಲಿ ಸಾಲ. ಅಂಗಡಿಯವನೂ ಸಂಪಾದಕನಿಗೆ ಬಾಕಿ. ಚಂದಾ ಹಣದ ಬದಲು ಸೌದೆ, ಜೋಳ, ಸೇಬು ಕೊಡೋದು ಆ ನಾಡಿನ ಹಳ್ಳಿ ಪತ್ರಿಕೆಗಳಲ್ಲಿ ಮಾಮೂಲು. ಊರಿಗೆ ಊರೇ ಒಂದು ಸಾಲದ ಪುಸ್ತಕದಲ್ಲಿ ಬದುಕ್ತಿತ್ತು ಅನ್ನಿ.

ಇಂಥ ಸಂಪಾದಕನಿಗೆ ಒಂದು ಸುಲಭದ ದಾರಿ ಸಿಕ್ಕಿತು. 1861ರಲ್ಲಿ ವಿಸ್ಕಾನ್ಸಿನ್‌ನ ಬಾರಾಬೂ ಊರಿನ ಸಂಪಾದಕ ಆನ್ಸೆಲ್ ಕೆಲಾಗ್. ಅಚ್ಚು ಕೆಲಸದವನು ಅಂತರ್ಯುದ್ಧಕ್ಕೆ ಹೊರಟುಬಿಟ್ಟ. ಕೆಲಾಗ್ ಏನು ಮಾಡಿದ? ರಾಜಧಾನಿ ಮ್ಯಾಡಿಸನ್‌ನಿಂದ ಯುದ್ಧದ ಸುದ್ದಿ ಅಚ್ಚಾಗಿದ್ದ ಹಾಳೆಗಳನ್ನೇ ತರಿಸಿಕೊಂಡ. ಇದೇ ಮುಂದೆ ದೊಡ್ಡ ದಂಧೆಯಾಯಿತು. ನಾಲ್ಕು ಪುಟದ ಪತ್ರಿಕೆಯಲ್ಲಿ ಎರಡು ಪುಟ ನಗರದಲ್ಲೇ ಅಚ್ಚಾಗಿ ಬರೋದು, ಉಳಿದೆರಡನ್ನು ಊರಿನವನು ತುಂಬೋದು. ಹಾಳೆ ಅಗ್ಗ. ಯಾಕೆ ಅಗ್ಗ? ನಗರದ ಪುಟಗಳಲ್ಲಿ ನಗರದ ಕಂಪನಿಗಳ ಜಾಹೀರಾತು ಇರ್ತಿತ್ತು. ಅದರ ದುಡ್ಡು ಅಲ್ಲಿನವರಿಗೆ. ಏನು ಹಾಕಬೇಕು ಅನ್ನೋದರಲ್ಲಿ ಊರಿನ ಸಂಪಾದಕನ ಮಾತು ನಡೀತಿರಲಿಲ್ಲ.

ಆ ಜಾಗವನ್ನು ಹಿಡಿದವರಲ್ಲಿ ಮುಂದೆ ಇದ್ದವರು ಸರ್ವರೋಗ ನಿವಾರಕ ಔಷಧಿ ಮಾರುವವರು. 1875ರಲ್ಲಿ ಮಾರುಕಟ್ಟೆಗೆ ಬಂದ ಲಿಡಿಯಾ ಪಿಂಕಮ್ ಟಾನಿಕ್ ನೋಡಿ. ಹೆಂಗಸರ ಎಲ್ಲ ಕಾಯಿಲೆಗೂ ಮದ್ದು ಅಂತ ಪ್ರಚಾರ. ಒಳಗೆ ಸುಮಾರು ಶೇ. 18ರಷ್ಟು ಮದ್ಯಸಾರ! ಕನ್ಸಾಸ್ 1880ರಲ್ಲೇ ಸಂವಿಧಾನ ತಿದ್ದಿ ಪಾನನಿಷೇಧ ತಂದ ರಾಜ್ಯ. ಬಾರ್ ಮುಚ್ಚಿದ ಕಾಲದಲ್ಲಿ ಬಾಟಲಿ ಔಷಧಿಯ ವೇಷದಲ್ಲಿ ಮನೆ ಸೇರಬಹುದಿತ್ತು. ಪಿಂಕಮ್ 1883ರಲ್ಲಿ ತೀರಿಕೊಂಡರು. ಆಕೆಗೆ ಕಾಗದ ಬರೆಯಿರಿ ಅನ್ನೋ ಜಾಹೀರಾತು ಮಾತ್ರ ಸಾಯಲಿಲ್ಲ. ಬಾಟಲಿ ಮೇಲೆ ಮದ್ಯಸಾರದ ಪ್ರಮಾಣ ಬರೀಲೇಬೇಕು ಅಂತ ಕಾನೂನು ಬರೋದಕ್ಕೆ 1906ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಅಂಗಡಿಯವನ ಬುಡಕ್ಕೇ ಕೊಡಲಿ ಬಿದ್ದಿತ್ತು. 1872ರಲ್ಲಿ ಷಿಕಾಗೋದ ಮಾಂಟ್ಗೊಮರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿ ಹೊರಡಿಸಿದ. ಆಮೇಲೆ ಸಿಯರ್ಸ್ ಬಂದ. 1896ರಲ್ಲಿ ಹಳ್ಳಿ ಮನೆಬಾಗಿಲಿಗೆ ಅಂಚೆ ಬಂತು, 1913ರಲ್ಲಿ ಪಾರ್ಸಲ್ ಅಂಚೆ. ಬೆಲೆ ಅಚ್ಚಾಗಿತ್ತು, ಚೌಕಾಸಿಯ ಮಾತೇ ಇಲ್ಲ. ಅಂಗಡಿಯವರು ರೊಚ್ಚಿಗೆದ್ದರು. ಕೆಲವು ಊರುಗಳಲ್ಲಿ ಕ್ಯಾಟಲಾಗ್‌ಗಳನ್ನ ಗುಡ್ಡೆ ಹಾಕಿ ಸುಟ್ಟರು. ಎಂಪೋರಿಯಾದಲ್ಲಿ 1895ರಲ್ಲಿ 3,000 ಡಾಲರ್‌ಗೆ ಗೆಜೆಟ್ ಪತ್ರಿಕೆ ಕೊಂಡ ವಿಲಿಯಂ ಆಲನ್ ವೈಟ್ ಕೂಡ ಊರಿನ ಅಂಗಡಿಯಲ್ಲೇ ಕೊಳ್ಳಿ ಅನ್ನೋ ಪಕ್ಷದವರು. ಅವರ ಲೆಕ್ಕ ಸರಿಯಾಗೇ ಇತ್ತು. ಅಂಗಡಿ ಮುಚ್ಚಿದರೆ ಜಾಹೀರಾತು ಹೋಗುತ್ತೆ, ಜಾಹೀರಾತು ಹೋದರೆ ಪತ್ರಿಕೆ ಹೋಗುತ್ತೆ, ಊರಿನ ಶಾಲೆ, ರಸ್ತೆ, ತೆರಿಗೆ ಬಗ್ಗೆ ಕೇಳೋ ದನಿಯೇ ಇಲ್ಲವಾಗುತ್ತೆ.

ಆದ್ರೆ ನಾಣ್ಯಕ್ಕೆ ಇನ್ನೊಂದು ಮುಖ ಇದೆಯಲ್ಲ? ಸಾಲದ ಹೆಸರಲ್ಲಿ ಹೆಚ್ಚು ಬೆಲೆ ತೆತ್ತು ಬೇಸತ್ತಿದ್ದ ರೈತ ಏನು ಮಾಡಬೇಕಿತ್ತು? ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಅಂಗಡಿಗೆ ಹೋದರೆ ಬಿಳಿಯರಿಗೆಲ್ಲ ಕೊಟ್ಟು ಮುಗಿಯೋವರೆಗೂ ಕಾಯಬೇಕಿತ್ತು. ಅಂಚೆಯಲ್ಲಿ ಬಂದ ಕ್ಯಾಟಲಾಗ್ ಅವರ ಮೈಬಣ್ಣ ಕೇಳಲಿಲ್ಲ. ಊರಿನ ಅಂಗಡಿ ಅಂದ ಮಾತ್ರಕ್ಕೆ ಅದು ಎಲ್ಲರ ಅಂಗಡಿ ಆಗಿರಲಿಲ್ಲ. ಕೊನೆಗೆ ಆ ಕ್ಯಾಟಲಾಗೂ ಶಾಶ್ವತವಾಗಲಿಲ್ಲ. ಸಿಯರ್ಸ್ ತನ್ನ ದೊಡ್ಡ ಪುಸ್ತಕವನ್ನ 1993ರಲ್ಲಿ ನಿಲ್ಲಿಸಿತು.

ನಾನು ಟಿವಿಯವನು. ನನ್ನ ಸ್ಟುಡಿಯೋ ದೀಪ ಉರಿಯೋದೂ ಬ್ರೇಕ್‌ನ ದುಡ್ಡಿನಿಂದಲೇ, ಅದನ್ನ ಮುಚ್ಚಿಡೋಕೆ ಹೋಗಲ್ಲ. ಸುದ್ದಿಗೆ ಯಾರೋ ಒಬ್ಬರು ದುಡ್ಡು ಕೊಡಲೇಬೇಕು. ಊರಿನ ಅಂಗಡಿಯವನು ಕೊಟ್ಟಾಗ ಅವನ ತಪ್ಪಿನ ಬಗ್ಗೆ ಬರೆಯೋದು ಕಷ್ಟ. ದೂರದ ಕಂಪನಿ ಕೊಟ್ಟಾಗ ಬಾಟಲಿ ಒಳಗೇನಿದೆ ಅಂತ ಕೇಳೋದು ಕಷ್ಟ. ಹಾಗಾಗಿ ಸುದ್ದಿಯನ್ನ ಹೇಗೆ ಗಮನವಿಟ್ಟು ನೋಡ್ತೀರೋ, ಅದರ ಪಕ್ಕದ ಜಾಹೀರಾತನ್ನೂ ಹಾಗೇ ನೋಡಿ. ಸುದ್ದಿಯಲ್ಲಿ ಯಾವುದು ಬಿಟ್ಟುಹೋಗಿದೆ ಅನ್ನೋದಕ್ಕೆ ಎಷ್ಟೋ ಸಲ ಕಾರಣ ಸಿಗೋದು ಅಲ್ಲೇ.